‘ಮೊದಲು ತೂಕ ಇಳಿಸಿ, ವಸಡು ಆಮೇಲೆ’: ಈ ಸಲಹೆ ಎಷ್ಟು ಸರಿ?

ಹಲ್ಲುಜ್ಜುವಾಗ ಬ್ರಷ್‌ನಲ್ಲಿ ರಕ್ತ ಕಂಡರೆ ನಮ್ಮಲ್ಲಿ ಹೆಚ್ಚಿನವರು ಬಾಯಿ ಮುಕ್ಕಳಿಸಿ ಸುಮ್ಮನಾಗುತ್ತೇವೆ. ‘ಬ್ರಷ್ ಗಟ್ಟಿಯಿತ್ತು’, ‘ಮೈಯಲ್ಲಿ ಉಷ್ಣ ಜಾಸ್ತಿಯಾಗಿದೆ’, ‘ವಯಸ್ಸಾಯಿತಲ್ಲ’ ಎಂಬ ಸಮಾಧಾನಗಳು ಸಿದ್ಧವಾಗಿಯೇ ಇರುತ್ತವೆ. ದೇಹದ ತೂಕ ಹೆಚ್ಚಿರುವವರಿಗೆ ಇನ್ನೊಂದು ಉತ್ತರವೂ ಸಿಗುತ್ತದೆ: ‘ಮೊದಲು ತೂಕ ಇಳಿಸಿ, ಮಿಕ್ಕಿದ್ದೆಲ್ಲ ತಾನಾಗಿ ಸರಿಹೋಗುತ್ತದೆ.’ ಮಂಡಿ ನೋವಿಗೆ, ಬೆನ್ನು ನೋವಿಗೆ, ಏದುಸಿರಿಗೆ ಹೇಳುವ ಈ ಮಾತನ್ನು ಬಾಯಿಯ ಆರೋಗ್ಯಕ್ಕೂ ಅನ್ವಯಿಸುವುದುಂಟು.

ಈ ಮಾತಿಗೆ ಪೂರ್ತಿ ಆಧಾರವಿಲ್ಲ ಎನ್ನುವಂತಿಲ್ಲ. ಬೊಜ್ಜಿಗೂ ವಸಡಿನ ರೋಗಕ್ಕೂ ನಂಟಿದೆ ಎಂದು ಹಲವು ಸಂಶೋಧನೆಗಳು ಹೇಳಿವೆ. ಆದರೆ ನಂಟಿದೆ ಎಂದ ಮಾತ್ರಕ್ಕೆ ‘ಚಿಕಿತ್ಸೆ ಆಮೇಲೆ ನೋಡೋಣ’ ಎಂಬ ತೀರ್ಮಾನಕ್ಕೆ ಬರಬಹುದೇ? ತೂಕ ಹೆಚ್ಚಿರುವವರಲ್ಲಿ ವಸಡಿನ ಚಿಕಿತ್ಸೆ ಕೆಲಸ ಮಾಡುತ್ತದೆಯೇ? ಮಾಡಿದರೆ ಅದರಿಂದ ಅವರ ದಿನನಿತ್ಯದ ಬದುಕಿನಲ್ಲಿ ಏನು ಬದಲಾಗುತ್ತದೆ? ಈ ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ವಸಡಿನ ರೋಗ ಎಂದರೆ ಏನು?

ನಾವು ಹಲ್ಲುಜ್ಜಿದ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ ಬ್ಯಾಕ್ಟೀರಿಯಾಗಳ ತೆಳುವಾದ, ಅಂಟಂಟಾದ ಪದರವೊಂದು ಕಟ್ಟಲು ಶುರುವಾಗುತ್ತದೆ. ಇದೇ ಪ್ಲಾಕ್. ಕನ್ನಡದಲ್ಲಿ ದಂತಪಾಚಿ ಎನ್ನುತ್ತಾರೆ. ಇದನ್ನು ದಿನವೂ ತೆಗೆಯದಿದ್ದರೆ ಎಂಜಲಿನಲ್ಲಿರುವ ಖನಿಜಗಳು ಸೇರಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹೀಗೆ ಗಟ್ಟಿಯಾದದ್ದನ್ನು ಟಾರ್ಟರ್ ಎನ್ನುತ್ತಾರೆ. ಬ್ರಷ್‌ನಿಂದ ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ.

ಪಾಚಿ ವಸಡಿನ ಅಂಚಿನಲ್ಲಿ ಉಳಿದಾಗ ದೇಹದ ರಕ್ಷಣಾ ವ್ಯವಸ್ಥೆ ಅದರ ಮೇಲೆ ಹೋರಾಟಕ್ಕಿಳಿಯುತ್ತದೆ. ವಸಡು ಕೆಂಪಾಗಿ ಊದಿಕೊಳ್ಳುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ. ಇದು ಜಿಂಜಿವೈಟಿಸ್, ಅಂದರೆ ವಸಡಿನ ಉರಿಯೂತದ ಮೊದಲ ಹಂತ. ಈ ಹಂತದಿಂದ ಪೂರ್ತಿ ಹಿಂದಕ್ಕೆ ಬರಬಹುದು. ಡೆನ್ಮಾರ್ಕ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ತೋರಿಸಿಕೊಟ್ಟಿತು. ಆರೋಗ್ಯಕರ ವಸಡಿದ್ದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರಲ್ಲೂ ಉರಿಯೂತ ಕಾಣಿಸಿಕೊಂಡಿತು. ಮತ್ತೆ ಹಲ್ಲುಜ್ಜಲು ಆರಂಭಿಸಿದ ಮೇಲೆ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನಂತಾಯಿತು.

ಉರಿಯೂತ ವರ್ಷಗಟ್ಟಲೆ ಮುಂದುವರಿದರೆ ಕೆಲವರಲ್ಲಿ ಅದು ವಸಡಿನ ಕೆಳಗೆ ಇಳಿಯುತ್ತದೆ. ಹಲ್ಲಿಗೂ ವಸಡಿಗೂ ನಡುವಿನ ಸಂದು ಆಳವಾಗುತ್ತದೆ. ಈ ಸಂದನ್ನು ದಂತವೈದ್ಯರು ಪಾಕೆಟ್ ಎನ್ನುತ್ತಾರೆ. ಹಲ್ಲನ್ನು ಹಿಡಿದಿರುವ ದವಡೆಯ ಎಲುಬು ನಿಧಾನವಾಗಿ ಕರಗುತ್ತದೆ. ಈ ಹಂತದ ಹೆಸರು ಪೆರಿಯೊಡಾಂಟೈಟಿಸ್. ಒಮ್ಮೆ ಕರಗಿದ ಎಲುಬು ಹಲ್ಲುಜ್ಜುವುದರಿಂದ ಮರಳಿ ಬರುವುದಿಲ್ಲ. ಹಾನಿ ಮುಂದುವರಿಯದಂತೆ ತಡೆಯುವುದೇ ಚಿಕಿತ್ಸೆಯ ಮೊದಲ ಗುರಿ.

ಇದು ಅಪರೂಪದ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನ ವಯಸ್ಕರಲ್ಲಿ ಸುಮಾರು ಶೇ. 19ರಷ್ಟು ಮಂದಿಗೆ ವಸಡಿನ ತೀವ್ರ ರೋಗವಿದೆ. ಅಂದರೆ 100 ಕೋಟಿಗೂ ಹೆಚ್ಚು ಜನ. ಬಹುತೇಕ ಸಮಯ ನೋವಿಲ್ಲದೆ ಬೆಳೆಯುವ ರೋಗವಾದ್ದರಿಂದ ಹಲ್ಲು ಅಲುಗಾಡುವವರೆಗೂ ಅನೇಕರ ಗಮನಕ್ಕೆ ಬರುವುದಿಲ್ಲ.

ಪಾಚಿ ಒಂದೇ, ಪರಿಣಾಮ ಬೇರೆ

ಪಾಚಿಯೇ ಕಾರಣವಾದರೆ ಪಾಚಿ ಇರುವ ಎಲ್ಲರಿಗೂ ರೋಗ ಒಂದೇ ರೀತಿ ಬೆಳೆಯಬೇಕಿತ್ತು. ಹಾಗಾಗುವುದಿಲ್ಲ. ಇದಕ್ಕೆ ನಮ್ಮ ನೆರೆಯ ಶ್ರೀಲಂಕಾದಲ್ಲೇ ಒಂದು ಪ್ರಸಿದ್ಧ ಉದಾಹರಣೆಯಿದೆ. ಅಲ್ಲಿನ ಚಹಾ ತೋಟಗಳ 480 ಪುರುಷ ಕಾರ್ಮಿಕರನ್ನು ಲೋ ಅವರ ತಂಡ 1970ರಿಂದ ಸುಮಾರು 15 ವರ್ಷ ಗಮನಿಸಿತು. ಹಲ್ಲುಜ್ಜುವ ರೂಢಿಯಿಲ್ಲದ, ದಂತ ಚಿಕಿತ್ಸೆ ಸಿಗದ ಜನರವರು. ಬಹುತೇಕ ಎಲ್ಲರ ಹಲ್ಲಿನ ಮೇಲೂ ಪಾಚಿ, ಟಾರ್ಟರ್ ಇತ್ತು. ಆದರೂ ಸುಮಾರು ಶೇ. 8ರಷ್ಟು ಮಂದಿಯಲ್ಲಿ ರೋಗ ವೇಗವಾಗಿ ಬೆಳೆಯಿತು, ಶೇ. 81ರಷ್ಟು ಮಂದಿಯಲ್ಲಿ ಮಧ್ಯಮ ಗತಿಯಲ್ಲಿ ಬೆಳೆಯಿತು. ಉಳಿದ ಶೇ. 11ರಷ್ಟು ಮಂದಿಯಲ್ಲಿ ಉರಿಯೂತ ಅದರಾಚೆಗೆ ಹೋಗಲೇ ಇಲ್ಲ.

ಪಾಚಿ ರೋಗವನ್ನು ಹಚ್ಚುತ್ತದೆ, ಅದು ಎಷ್ಟು ಉರಿಯುತ್ತದೆ ಎಂಬುದನ್ನು ದೇಹದ ಪ್ರತಿಕ್ರಿಯೆ ನಿರ್ಧರಿಸುತ್ತದೆ ಎಂಬುದು ಇದರಿಂದ ತಿಳಿಯುವ ಸಂಗತಿ. ವಂಶವಾಹಿಗಳು, ತಂಬಾಕು, ಮಧುಮೇಹ ಈ ಪ್ರತಿಕ್ರಿಯೆಯನ್ನು ಬದಲಿಸುತ್ತವೆ. ಬೊಜ್ಜು ಕೂಡ ಇದೇ ಪಟ್ಟಿಯಲ್ಲಿ ಬರುತ್ತದೆ.

ಬೊಜ್ಜು ವಸಡಿಗೆ ಏನು ಮಾಡುತ್ತದೆ?

ಕೊಬ್ಬು ಎಂದರೆ ದೇಹದ ಗೋದಾಮು, ಮಿಕ್ಕ ಶಕ್ತಿಯನ್ನು ಕೂಡಿಡುವ ಜಾಗ ಎಂದಷ್ಟೇ ಬಹುಕಾಲ ತಿಳಿಯಲಾಗಿತ್ತು. 1990ರ ದಶಕದಲ್ಲಿ ಈ ತಿಳಿವಳಿಕೆ ಬದಲಾಯಿತು. ಟಿಎನ್ಎಫ್-ಆಲ್ಫಾ ಎಂಬ ಉರಿಯೂತಕಾರಿ ವಸ್ತುವನ್ನು ಕೊಬ್ಬಿನ ಅಂಗಾಂಶವೇ ಉತ್ಪಾದಿಸುತ್ತದೆ ಎಂದು 1993ರಲ್ಲಿ ತಿಳಿದುಬಂತು. ಮರುವರ್ಷ ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ ಎಂಬ ಹಾರ್ಮೋನು ಪತ್ತೆಯಾಯಿತು. ಕೊಬ್ಬು ಸುಮ್ಮನೆ ಕೂತಿರುವ ಸರಕಲ್ಲ, ರಕ್ತಕ್ಕೆ ಸಂದೇಶಗಳನ್ನು ಕಳಿಸುತ್ತಲೇ ಇರುವ ಅಂಗ ಎಂಬುದು ಖಚಿತವಾಯಿತು. ಕೊಬ್ಬು, ಅದರಲ್ಲೂ ಹೊಟ್ಟೆಯೊಳಗಿನ ಕೊಬ್ಬು, ಅತಿಯಾದಾಗ ದೇಹದಲ್ಲೆಲ್ಲ ಸಣ್ಣ ಮಟ್ಟದ ಉರಿಯೂತ ಸದಾ ಇರುತ್ತದೆ. ವಸಡಿನಲ್ಲಿ ಈಗಾಗಲೇ ಕಿಡಿ ಇದ್ದರೆ ಇದು ಗಾಳಿ ಹಾಕಿದಂತೆ.

ಈ ನಂಟಿನ ಬಗ್ಗೆ ಮನುಷ್ಯರಲ್ಲಿ ಚರ್ಚೆ ಜೋರಾದದ್ದು 1998ರ ನಂತರ. ಆ ವರ್ಷ ಜಪಾನಿನ ಸಂಶೋಧಕರು 241 ಮಂದಿಯನ್ನು ಪರೀಕ್ಷಿಸಿ, ತೂಕ ಹೆಚ್ಚಿದಂತೆ ವಸಡಿನ ರೋಗದ ಸಾಧ್ಯತೆಯೂ ಹೆಚ್ಚಿದ್ದನ್ನು ವರದಿ ಮಾಡಿದರು. 2010ರಲ್ಲಿ ಅಂಥ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಬೊಜ್ಜು ಇರುವವರಲ್ಲಿ ವಸಡಿನ ರೋಗದ ಸಾಧ್ಯತೆಯ ಅನುಪಾತ 1.35 ಪಟ್ಟು ಎಂದು ಬಂತು.

1.35 ಎಂದರೆ ಎಷ್ಟು? ಒಂದು ಕಾಲ್ಪನಿಕ ಲೆಕ್ಕ ನೋಡೋಣ. ತೂಕ ಮಿತಿಯಲ್ಲಿರುವ 100 ಮಂದಿಯಲ್ಲಿ 20 ಮಂದಿಗೆ ವಸಡಿನ ರೋಗವಿದೆ ಎಂದುಕೊಳ್ಳಿ. ಆಗ ಬೊಜ್ಜು ಇರುವ 100 ಮಂದಿಯಲ್ಲಿ ಸುಮಾರು 25 ಮಂದಿಗೆ ರೋಗವಿರುತ್ತದೆ. ಐದು ಮಂದಿ ಹೆಚ್ಚು. ಲಕ್ಷಾಂತರ ಜನರ ಲೆಕ್ಕದಲ್ಲಿ ಇದು ಸಣ್ಣ ಸಂಖ್ಯೆಯಲ್ಲ. ಆದರೆ ಅದೇ ಲೆಕ್ಕ ಇನ್ನೂ ಎರಡು ಮಾತುಗಳನ್ನು ಹೇಳುತ್ತದೆ. ಬೊಜ್ಜು ಇರುವ 75 ಮಂದಿಗೆ ರೋಗವಿಲ್ಲ. ತೆಳ್ಳಗಿರುವ 20 ಮಂದಿಗೆ ರೋಗವಿದೆ. ಹಾಗಾಗಿ ಒಬ್ಬರ ಮೈ ನೋಡಿ ವಸಡಿನ ಸ್ಥಿತಿ ಊಹಿಸುವಂತಿಲ್ಲ, ತೆಳ್ಳಗಿದ್ದೇನೆ ಎಂದು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ.

ಮೇಲಿನ ಅಧ್ಯಯನಗಳಲ್ಲಿ ಹೆಚ್ಚಿನವು ಒಂದು ಸಮಯದ ಚಿತ್ರಣಗಳು. ಯಾವುದು ಮೊದಲು, ಯಾವುದು ಆಮೇಲೆ ಎಂದು ಅವು ಹೇಳಲಾರವು. ವರ್ಷಗಟ್ಟಲೆ ಜನರನ್ನು ಹಿಂಬಾಲಿಸಿದ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿದಾಗ, ತೂಕ ಏರಿ ಬೊಜ್ಜಿನ ಹಂತ ತಲುಪಿದವರಲ್ಲಿ ಹೊಸದಾಗಿ ವಸಡಿನ ರೋಗ ಬರುವ ಅಪಾಯ ಸುಮಾರು ಮೂರನೇ ಒಂದು ಪಾಲು ಹೆಚ್ಚು ಎಂದು ಕಂಡಿತು. ಬೊಜ್ಜು ಅಪಾಯವನ್ನು ಹೆಚ್ಚಿಸುತ್ತದೆ ಎಂಬ ವಾದಕ್ಕೆ ಇದು ಬಲ ಕೊಡುತ್ತದೆ. ಆದರೂ ಸಕ್ಕರೆ ಹೆಚ್ಚಿರುವ ಆಹಾರ, ಮಧುಮೇಹ, ಬಡತನ, ದಂತವೈದ್ಯರ ಬಳಿ ಹೋಗದಿರುವುದು ಇವೆಲ್ಲ ಎರಡೂ ಕಡೆ ಕೈಯಾಡಿಸುತ್ತವೆ ಎಂಬುದನ್ನು ಮರೆಯಬಾರದು.

ಭಾರತದಲ್ಲಿ ಈ ವಿಷಯಕ್ಕೆ ಏಕೆ ತೂಕ ಹೆಚ್ಚು?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಶೇ. 24ರಷ್ಟು ಮಹಿಳೆಯರು ಮತ್ತು ಸುಮಾರು ಶೇ. 23ರಷ್ಟು ಪುರುಷರ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚಿತ್ತು. ಕರ್ನಾಟಕದಲ್ಲಿ ಇದು ಇನ್ನೂ ಹೆಚ್ಚು, ಇಬ್ಬರಲ್ಲೂ ಸುಮಾರು ಶೇ. 30. ನಮ್ಮ ದೇಹಪ್ರಕೃತಿಯಲ್ಲಿ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಸೇರುವುದರಿಂದ ಭಾರತೀಯರಿಗೆ ಬೊಜ್ಜಿನ ಗೆರೆಯನ್ನು ಬಿಎಂಐ 30ರ ಬದಲು 25ಕ್ಕೇ ಎಳೆಯಬೇಕು ಎಂದು ನಮ್ಮ ತಜ್ಞರು 2009ರಲ್ಲೇ ಹೇಳಿದ್ದಾರೆ.

ಇದರ ಜೊತೆಗೆ ಮಧುಮೇಹ. ಐಸಿಎಂಆರ್ ನೆರವಿನ ಅಧ್ಯಯನವೊಂದು 2023ರಲ್ಲಿ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ ಎಂದು ಅಂದಾಜಿಸಿತು. ಮೂರನೆಯದು ತಂಬಾಕು. 2016–17ರ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಶೇ. 21ಕ್ಕೂ ಹೆಚ್ಚು ಮಂದಿ ಜಗಿಯುವಂಥ ಹೊಗೆರಹಿತ ತಂಬಾಕು ಬಳಸುತ್ತಾರೆ. ಒಬ್ಬರಲ್ಲೇ ಈ ಮೂರೂ ಸೇರಿದರೆ ವಸಡಿನ ಮೇಲೆ ಬೀಳುವ ಹೊರೆ ದೊಡ್ಡದು. ಅಂಥವರಿಗೆ ‘ಎಲ್ಲ ತೂಕದಿಂದಲೇ’ ಎಂದು ಹೇಳಿ ಕಳಿಸಿದರೆ ಸಕ್ಕರೆ ಪರೀಕ್ಷೆಯೂ ತಪ್ಪಿಹೋಗಬಹುದು, ತಂಬಾಕು ಬಿಡುವ ಮಾತೂ ತಪ್ಪಿಹೋಗಬಹುದು.

ಚಿಕಿತ್ಸೆ ಕೆಲಸ ಮಾಡುತ್ತದೆಯೇ?

ವಸಡಿನ ರೋಗಕ್ಕೆ ಮೊದಲ ಚಿಕಿತ್ಸೆ ಶಸ್ತ್ರಕ್ರಿಯೆಯಲ್ಲ. ಜನ ‘ಕ್ಲೀನಿಂಗ್’ ಎಂದು ಕರೆಯುವ ಸ್ಕೇಲಿಂಗ್, ಮತ್ತು ಅಗತ್ಯವಿದ್ದಲ್ಲಿ ವಸಡಿನ ಕೆಳಗೆ ಬೇರಿನ ಮೇಲ್ಮೈಯನ್ನು ಶುಚಿಗೊಳಿಸುವ ರೂಟ್ ಪ್ಲೇನಿಂಗ್. ಜೊತೆಗೆ ಸರಿಯಾಗಿ ಹಲ್ಲುಜ್ಜುವುದನ್ನು, ಹಲ್ಲುಗಳ ನಡುವೆ ಶುಚಿ ಮಾಡುವುದನ್ನು ಕಲಿಸುತ್ತಾರೆ. ಒಂದೆರಡು ತಿಂಗಳ ನಂತರ ಮತ್ತೆ ಅಳತೆ ತೆಗೆದು ಫಲಿತಾಂಶ ನೋಡುತ್ತಾರೆ.

ಅಳೆಯುವ ಬಗೆ ಹೀಗೆ: ಮಿಲಿಮೀಟರ್ ಗುರುತುಗಳಿರುವ ತೆಳುವಾದ ಸಲಾಕೆಯನ್ನು ಪ್ರತಿ ಹಲ್ಲಿನ ಸುತ್ತ ಆರು ಕಡೆ ಮೆಲ್ಲಗೆ ಇಳಿಸಿ ಸಂದಿನ ಆಳ ನೋಡುತ್ತಾರೆ. 28 ಹಲ್ಲುಗಳಿದ್ದರೆ 168 ಅಳತೆಗಳು. 1ರಿಂದ 3 ಮಿಲಿಮೀಟರ್ ಸಾಮಾನ್ಯ. 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಜೊತೆಗೆ ರಕ್ತವೂ ಬಂದರೆ ಗಮನ ಬೇಕು. ಚೆನ್ನಾಗಿ ಮಾಡಿದ ಚಿಕಿತ್ಸೆಯಿಂದ 4–6 ಮಿಲಿಮೀಟರ್ ಆಳದ ಸಂದು ಸರಾಸರಿ 1 ಮಿಲಿಮೀಟರ್‌ಗೂ ಸ್ವಲ್ಪ ಹೆಚ್ಚು, ಅದಕ್ಕಿಂತ ಆಳದ್ದು ಸುಮಾರು 2 ಮಿಲಿಮೀಟರ್ ಕಡಿಮೆಯಾಗುತ್ತದೆ.

ಬೊಜ್ಜು ಇರುವವರಲ್ಲೂ ಚಿಕಿತ್ಸೆಯ ನಂತರ ರಕ್ತಸ್ರಾವ ತಗ್ಗುತ್ತದೆ, ಸಂದಿನ ಆಳ ಕಡಿಮೆಯಾಗುತ್ತದೆ. ಇದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯ ಇರುವುದು ‘ತೂಕ ಮಿತಿಯಲ್ಲಿರುವವರಷ್ಟೇ ಕಡಿಮೆಯಾಗುತ್ತದೆಯೇ’ ಎಂಬಲ್ಲಿ. ಕೆಲವು ಅಧ್ಯಯನಗಳು ಎರಡೂ ಗುಂಪಿನಲ್ಲಿ ಸುಧಾರಣೆ ಸಮ ಎಂದಿವೆ. ಇನ್ನು ಕೆಲವು ಬೊಜ್ಜು ಇರುವವರಲ್ಲಿ ಸುಧಾರಣೆ ಸ್ವಲ್ಪ ಕಡಿಮೆ ಎಂದಿವೆ. 2014ರಲ್ಲಿ ಪ್ರಕಟವಾದ, 260 ಮಂದಿಯನ್ನು ಒಳಗೊಂಡ ಅಧ್ಯಯನವೊಂದು ಚಿಕಿತ್ಸೆಯ ಫಲವನ್ನು ತಗ್ಗಿಸುವುದರಲ್ಲಿ ಬೊಜ್ಜಿನ ಪ್ರಭಾವ ಧೂಮಪಾನದ ಪ್ರಭಾವಕ್ಕೆ ಹತ್ತಿರವಿದೆ ಎಂದಿತು.

ಇಲ್ಲಿ ಒಂದು ತಪ್ಪು ಅರ್ಥಕ್ಕೆ ದಾರಿಯಿದೆ. ‘ಫಲ ಸ್ವಲ್ಪ ಕಡಿಮೆ’ ಎಂಬುದು ಸುದ್ದಿಯಾಗುತ್ತಾ ‘ಫಲವಿಲ್ಲ’ ಎಂದಾಗಬಾರದು. ಧೂಮಪಾನಿಗಳಿಗೆ ವಸಡಿನ ಚಿಕಿತ್ಸೆ ಬೇಡ ಎಂದು ಯಾವ ದಂತವೈದ್ಯರೂ ಹೇಳುವುದಿಲ್ಲ. ಅವರನ್ನು ಇನ್ನೂ ಹತ್ತಿರದಿಂದ ಗಮನಿಸುತ್ತಾರೆ, ಬೇಗ ಬೇಗ ತಪಾಸಣೆಗೆ ಕರೆಯುತ್ತಾರೆ. ಬೊಜ್ಜು ಇರುವವರ ವಿಷಯದಲ್ಲೂ ತರ್ಕ ಅದೇ. ರೋಗ ಹಟಮಾರಿಯಾಗಿದ್ದರೆ ಚಿಕಿತ್ಸೆ ಬೇಗ ಶುರುವಾಗಬೇಕು, ತಡವಾಗಿಯಲ್ಲ.

ಸಮಯದ ಲೆಕ್ಕವೂ ಇದನ್ನೇ ಹೇಳುತ್ತದೆ. ತೂಕ ಇಳಿಸುವುದು ತಿಂಗಳುಗಳ, ಹಲವರಿಗೆ ವರ್ಷಗಳ ಕೆಲಸ. ಇಳಿದದ್ದು ಮತ್ತೆ ಏರುವುದೂ ಸಾಮಾನ್ಯ. ಅಷ್ಟು ಕಾಲ ವಸಡು ಕಾಯುವುದಿಲ್ಲ, ಎಲುಬು ಕರಗುತ್ತಲೇ ಇರುತ್ತದೆ. ತೂಕ ಇಳಿದ ಮೇಲೆ ಎಲುಬು ತಾನಾಗಿ ಬೆಳೆಯುವುದೂ ಇಲ್ಲ.

ಮಿಲಿಮೀಟರ್ ಲೆಕ್ಕ ಮತ್ತು ಬದುಕಿನ ಲೆಕ್ಕ

ಸಂದಿನ ಆಳ 5ರಿಂದ 4 ಮಿಲಿಮೀಟರ್‌ಗೆ ಇಳಿದರೆ ವೈದ್ಯರಿಗೆ ಸಮಾಧಾನ. ಆ ವ್ಯಕ್ತಿಗೆ ಅದರಿಂದ ಏನು? ಈ ಪ್ರಶ್ನೆಗೆ ಉತ್ತರ ಹುಡುಕಲು ಸಂಶೋಧಕರು ‘ಬಾಯಿಯ ಆರೋಗ್ಯಕ್ಕೆ ಸಂಬಂಧಿಸಿದ ಜೀವನದ ಗುಣಮಟ್ಟ’ ಎಂಬುದನ್ನು ಅಳೆಯುತ್ತಾರೆ. ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ಸಾಧನ ಒಎಚ್ಐಪಿ-14 ಎಂಬ ಪ್ರಶ್ನಾವಳಿ. 1994ರಲ್ಲಿ ಬಂದ 49 ಪ್ರಶ್ನೆಗಳ ಪಟ್ಟಿಯನ್ನು 1997ರಲ್ಲಿ 14ಕ್ಕೆ ಇಳಿಸಿ ಇದನ್ನು ರೂಪಿಸಲಾಯಿತು. ಉಚ್ಚಾರಣೆ ಮತ್ತು ರುಚಿ, ನೋವು, ಮುಜುಗರ, ಊಟಕ್ಕೆ ಅಡ್ಡಿ, ನೆಮ್ಮದಿ, ಬೇರೆಯವರೊಂದಿಗಿನ ಒಡನಾಟ, ಒಟ್ಟಾರೆ ಬದುಕಿನ ತೃಪ್ತಿ ಹೀಗೆ ಏಳು ಮಗ್ಗುಲುಗಳನ್ನು ಅದು ಕೇಳುತ್ತದೆ. ಪ್ರತಿ ಪ್ರಶ್ನೆಗೆ ‘ಎಂದೂ ಇಲ್ಲ’ ಎಂದರೆ 0, ‘ತುಂಬಾ ಸಲ’ ಎಂದರೆ 4. ಒಟ್ಟು 0ರಿಂದ 56. ಅಂಕ ಹೆಚ್ಚಾದಷ್ಟೂ ಬಾಯಿಯ ತೊಂದರೆ ಬದುಕನ್ನು ಹೆಚ್ಚು ಕಾಡುತ್ತಿದೆ ಎಂದರ್ಥ.

ಇದನ್ನು ನಮ್ಮ ಬದುಕಿಗೆ ಹೊಂದಿಸಿ ನೋಡಿದರೆ ಪ್ರಶ್ನೆಗಳು ಪರಿಚಿತವೇ. ಗಟ್ಟಿ ಜೋಳದ ರೊಟ್ಟಿ, ಚಕ್ಕುಲಿ, ಸೀಬೆಕಾಯಿ ಕಚ್ಚಲು ಹಿಂಜರಿಕೆಯೇ? ಒಂದೇ ಕಡೆ ಜಗಿಯುತ್ತೀರಾ? ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತೀರಾ? ಮದುವೆ ಮನೆಯಲ್ಲಿ ಫೋಟೊ ತೆಗೆಯುವಾಗ ತುಟಿ ಬಿಗಿಯುತ್ತೀರಾ? ಬಾಯಿ ವಾಸನೆಯ ಅನುಮಾನದಿಂದ ಬಸ್ಸಿನಲ್ಲಿ, ಕಚೇರಿಯಲ್ಲಿ ಪಕ್ಕದವರಿಂದ ದೂರ ಸರಿಯುತ್ತೀರಾ?

ವಸಡಿನ ಚಿಕಿತ್ಸೆಯ ನಂತರ ವಯಸ್ಕರಲ್ಲಿ ಇಂಥ ತೊಂದರೆಗಳು ಕಡಿಮೆಯಾಗುತ್ತವೆ ಎಂದು ಹಲವು ಅಧ್ಯಯನಗಳ ಒಟ್ಟು ವಿಮರ್ಶೆಗಳು ಹೇಳಿವೆ. ಅದೂ ಶಸ್ತ್ರಕ್ರಿಯೆಯಿಲ್ಲದ, ಸರಳ ಚಿಕಿತ್ಸೆಯಿಂದಲೇ. ಬೊಜ್ಜು ಇರುವವರ ಮೇಲೆಯೇ ನಡೆದ ಇಂಥ ಅಧ್ಯಯನಗಳು ಇನ್ನೂ ಕಡಿಮೆ ಮತ್ತು ಗಾತ್ರದಲ್ಲಿ ಸಣ್ಣವು. ಅವುಗಳನ್ನು ಓದುವಾಗ ಮೂರು ಸಂಗತಿಗಳನ್ನು ನೆನಪಿಡಬೇಕು.

ಒಂದು: ವಸಡಿನ ರೋಗ ನೋವು ಕೊಡುವುದು ಕಡಿಮೆ. ಚಿಕಿತ್ಸೆಗೆ ಮೊದಲೇ ‘ನನಗೇನೂ ತೊಂದರೆಯಿಲ್ಲ’ ಎಂದವರ ಅಂಕ ಕಡಿಮೆಯೇ ಇರುತ್ತದೆ. ಅದು ಇನ್ನೂ ಇಳಿಯಲು ಜಾಗವೇ ಇರುವುದಿಲ್ಲ. ಅಂಕ ಹೆಚ್ಚು ಬದಲಾಗಲಿಲ್ಲ ಎಂದರೆ ಚಿಕಿತ್ಸೆ ವ್ಯರ್ಥ ಎಂದು ಅರ್ಥವಲ್ಲ.

ಎರಡು: ಚಿಕಿತ್ಸೆಯ ನಂತರದ ಮೊದಲ ವಾರಗಳಲ್ಲಿ ಹಲ್ಲು ಜುಮ್ಮೆನ್ನುವುದು, ತಣ್ಣನೆ ನೀರು ತಾಗಿದರೆ ಚಳುಕು ಬರುವುದು ಸಾಮಾನ್ಯ. ಊತ ಇಳಿದಾಗ ವಸಡು ಕುಗ್ಗಿ ಹಲ್ಲುಗಳ ನಡುವೆ ಸಂದು ಕಾಣಿಸುತ್ತದೆ. ಅಳತೆಯಲ್ಲಿ ಸುಧಾರಣೆ, ಅನುಭವದಲ್ಲಿ ಕಿರಿಕಿರಿ. ಇದನ್ನು ಮೊದಲೇ ಹೇಳದಿದ್ದರೆ ಜನ ‘ಚೆನ್ನಾಗಿದ್ದ ಹಲ್ಲು ಹಾಳಾಯಿತು’ ಎಂದುಕೊಂಡು ಮತ್ತೆ ಬರುವುದೇ ಇಲ್ಲ.

ಮೂರು: ಬೊಜ್ಜು ಇರುವವರ ಜೀವನದ ಗುಣಮಟ್ಟವನ್ನು ಬೇರೆ ಹಲವು ಸಂಗತಿಗಳೂ ತಗ್ಗಿಸಿರುತ್ತವೆ. ಮಂಡಿ ನೋವು, ನಿದ್ದೆಯಲ್ಲಿ ಉಸಿರಿನ ತೊಂದರೆ, ಸುತ್ತಲಿನವರ ಚುಚ್ಚುಮಾತು. ಬಾಯಿ ಸರಿಹೋದರೆ ಇವೆಲ್ಲ ಸರಿಹೋಗುವುದಿಲ್ಲ. ಆದರೆ ಊಟ, ಮಾತು, ನಗು ಈ ಮೂರನ್ನು ದಿನಕ್ಕೆ ಎಷ್ಟು ಸಲ ಬಳಸುತ್ತೇವೆ ಎಂದು ಎಣಿಸಿದರೆ, ಆ ಒಂದು ಹೊರೆ ಇಳಿಯುವುದೂ ಸಣ್ಣದಲ್ಲ.

ಜಗಿಯಲಾಗದ ಬಾಯಿ ಏನು ತಿನ್ನುತ್ತದೆ?

ಈ ಸಂಬಂಧಕ್ಕೆ ಇನ್ನೊಂದು ದಿಕ್ಕೂ ಇದೆ. ಹಲ್ಲು ಅಲುಗಾಡುತ್ತಿದ್ದರೆ ಅಥವಾ ಬಿದ್ದುಹೋಗಿದ್ದರೆ ಜನ ಊಟವನ್ನೇ ಬದಲಿಸಿಕೊಳ್ಳುತ್ತಾರೆ. ಹಸಿ ತರಕಾರಿ, ಹಣ್ಣು, ಕಾಳು, ಬೀಜಗಳು ತಟ್ಟೆಯಿಂದ ದೂರವಾಗುತ್ತವೆ. ಅನ್ನ, ಟೀಗೆ ಅದ್ದಿದ ಬಿಸ್ಕತ್ತು, ಬ್ರೆಡ್ಡು, ಮೆತ್ತನೆಯ ಸಿಹಿ ಹತ್ತಿರವಾಗುತ್ತವೆ. ಹಲ್ಲು ಕಡಿಮೆ ಇರುವವರು ಹಣ್ಣು, ತರಕಾರಿ, ನಾರಿನಂಶ ಕಡಿಮೆ ತಿನ್ನುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಹಾಗಾದರೆ ‘ಸೌತೆಕಾಯಿ, ಮೊಳಕೆ ಕಾಳು ತಿನ್ನಿ, ತೂಕ ಇಳಿಸಿ’ ಎಂಬ ಸಲಹೆಯನ್ನು ಜಗಿಯಲಾಗದ ಬಾಯಿ ಪಾಲಿಸುವುದಾದರೂ ಹೇಗೆ? ತೂಕ ಇಳಿಸುವ ಪ್ರಯತ್ನಕ್ಕೂ ಗಟ್ಟಿ ಹಲ್ಲು ಬೇಕು.

ನಮ್ಮ ರಾಜ್ಯದಲ್ಲಿ ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ಕೊಡುವ ದಂತಭಾಗ್ಯ ಯೋಜನೆಯಿದೆ. ಅದು ಅನೇಕರಿಗೆ ನೆರವಾಗುವಂಥದ್ದೇ. ಆದರೆ ಅದು ಹಲ್ಲು ಹೋದ ಮೇಲಿನ ಮಾತು. ವಸಡಿನ ಚಿಕಿತ್ಸೆ ಹಲ್ಲು ಇರುವಾಗಲೇ ಆಗಬೇಕಾದ ಕೆಲಸ.

ಮಧುಮೇಹ ಇರುವವರಿಗೆ ಇನ್ನೊಂದು ಲಾಭವೂ ಇದೆ. ವಸಡಿನ ಚಿಕಿತ್ಸೆಯಿಂದ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ, 3–4 ತಿಂಗಳಲ್ಲಿ ಸರಾಸರಿ 0.43 ಶೇಕಡಾ ಅಂಶದಷ್ಟು ಇಳಿಯುತ್ತದೆ ಎಂದು 2022ರ ಕಾಕ್ರೇನ್ ವಿಮರ್ಶೆ ಹೇಳಿದೆ. ಇದು ಮಾತ್ರೆಗೆ ಬದಲಿಯಲ್ಲ, ಮಾತ್ರೆಯ ಜೊತೆಗೆ ಸಿಗುವ ನೆರವು.

ಕೆಲವು ನಂಬಿಕೆಗಳು, ಅವುಗಳ ವಾಸ್ತವ

‘ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ.’ ಇಲ್ಲ. ಎಲುಬು ಕರಗಿ ಮೊದಲೇ ಸಡಿಲವಾಗಿದ್ದ ಹಲ್ಲನ್ನು ಟಾರ್ಟರ್ ಗಾರೆಯಂತೆ ಹಿಡಿದಿರುತ್ತದೆ. ಅದನ್ನು ತೆಗೆದಾಗ ನಿಜಸ್ಥಿತಿ ಗೊತ್ತಾಗುತ್ತದೆ. ಟಾರ್ಟರ್ ಬಿಟ್ಟರೆ ಹಲ್ಲು ಉಳಿಯುವುದಿಲ್ಲ, ಬೇಗ ಹೋಗುತ್ತದೆ.

‘ರಕ್ತ ಬರುವ ಕಡೆ ಉಜ್ಜಬಾರದು.’ ಇದೂ ತಪ್ಪು. ಅಲ್ಲೇ ಪಾಚಿ ಇರುವುದು, ಅಲ್ಲೇ ಮೆತ್ತನೆಯ ಬ್ರಷ್‌ನಿಂದ ನಿಧಾನವಾಗಿ ಉಜ್ಜಬೇಕು. ಒಂದೆರಡು ವಾರದಲ್ಲೂ ರಕ್ತ ನಿಲ್ಲದಿದ್ದರೆ ದಂತವೈದ್ಯರಿಗೆ ತೋರಿಸಬೇಕು.

‘ರಕ್ತ ಬರುತ್ತಿಲ್ಲ, ಹಾಗಾಗಿ ವಸಡು ಚೆನ್ನಾಗಿದೆ.’ ಧೂಮಪಾನಿಗಳ ವಿಷಯದಲ್ಲಿ ಇದನ್ನು ನಂಬುವಂತಿಲ್ಲ. ಧೂಮಪಾನ ವಸಡಿನ ರಕ್ತಸ್ರಾವವನ್ನು ಮರೆಮಾಚುತ್ತದೆ.

‘ಲವಂಗದ ಎಣ್ಣೆ, ಉಪ್ಪು ನೀರು ಸಾಕು.’ ಉಪ್ಪು ನೀರು ತಾತ್ಕಾಲಿಕ ಹಿತ ಕೊಡಬಹುದು, ಲವಂಗ ನೋವನ್ನು ಮಂಕಾಗಿಸಬಹುದು. ಗಟ್ಟಿಯಾದ ಟಾರ್ಟರನ್ನು ಇವೆರಡೂ ಕರಗಿಸುವುದಿಲ್ಲ.

‘ವಸಡಿಗೆ ಚಿಕಿತ್ಸೆ ಮಾಡಿಸಿದರೆ ತೂಕವೂ ಇಳಿಯುತ್ತದೆ.’ ಇದಕ್ಕೆ ಆಧಾರವಿಲ್ಲ. ವಸಡಿನ ಚಿಕಿತ್ಸೆಯನ್ನು ವಸಡಿಗಾಗಿಯೇ ಮಾಡಿಸಬೇಕು.

ಹೇಳುವ ರೀತಿಯೂ ಚಿಕಿತ್ಸೆಯ ಭಾಗ

ಆರೋಗ್ಯದ ಮಾಹಿತಿಯನ್ನು ಜನರಿಗೆ ತಲುಪಿಸುವ ಕೆಲಸ ಮಾಡುವ ನಮಗೆ ಈ ವಿಷಯದಲ್ಲಿ ಮುಖ್ಯವಾಗಿ ಕಾಣುವುದು ಮಾತಿನ ಬಳಕೆ. ತೂಕದ ಬಗ್ಗೆ ಅವಮಾನ ಎದುರಿಸಿದವರು ಆಸ್ಪತ್ರೆಗೆ ಹೋಗುವುದನ್ನೇ ಮುಂದೂಡುತ್ತಾರೆ ಎಂಬುದು ಹಲವು ದೇಶಗಳ ಸಂಶೋಧನೆಯಲ್ಲಿ ಮತ್ತೆ ಮತ್ತೆ ಕಂಡಿದೆ. ದಂತ ಚಿಕಿತ್ಸೆಯಲ್ಲಿ ಅದಕ್ಕೆ ಇನ್ನೂ ಕೆಲವು ಅಡ್ಡಿಗಳು ಸೇರುತ್ತವೆ. ದಂತವೈದ್ಯರ ಕುರ್ಚಿಗೆ ತೂಕದ ಮಿತಿಯಿರುತ್ತದೆ. ಪೂರ್ತಿ ಮಲಗಿಸಿದರೆ ಕೆಲವರಿಗೆ ಉಸಿರಾಡುವುದು ಕಷ್ಟ. ಇದನ್ನು ಬಾಯಿಬಿಟ್ಟು ಹೇಳಲು ಸಂಕೋಚ.

‘ನಿಮ್ಮ ತೂಕದಿಂದಲೇ ಹೀಗಾಗಿದೆ’ ಎನ್ನುವುದಕ್ಕೂ, ‘ವಸಡಿನಲ್ಲಿ ಉರಿಯೂತವಿದೆ, ಇವತ್ತೇ ಶುರು ಮಾಡೋಣ. ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ’ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡರಲ್ಲೂ ತೂಕದ ವಿಷಯ ಅಡಗಿದೆ. ಆದರೆ ಮೊದಲನೆಯದನ್ನು ಕೇಳಿದವರು ಮನೆಗೆ ಹೋಗುತ್ತಾರೆ, ಎರಡನೆಯದನ್ನು ಕೇಳಿದವರು ಮುಂದಿನ ವಾರ ಮತ್ತೆ ಬರುತ್ತಾರೆ. ಮನೆಯವರೂ ಇದನ್ನು ಗಮನದಲ್ಲಿಟ್ಟುಕೊಳ್ಳಬಹುದು.

ನೀವು ಏನು ಮಾಡಬಹುದು?

ದಿನಕ್ಕೆ ಎರಡು ಸಲ ಫ್ಲೋರೈಡ್ ಇರುವ ಪೇಸ್ಟ್‌ನಿಂದ ಎರಡು ನಿಮಿಷ ಹಲ್ಲುಜ್ಜಿ. ರಾತ್ರಿಯದನ್ನು ತಪ್ಪಿಸಬೇಡಿ. ಹಲ್ಲುಗಳ ನಡುವೆ ಶುಚಿ ಮಾಡಲು ದಾರ ಅಥವಾ ಸಂದಿಗೆ ಹೋಗುವ ಸಣ್ಣ ಬ್ರಷ್ ಬಳಸಿ. ಯಾವ ಅಳತೆಯದು ಬೇಕು ಎಂದು ದಂತವೈದ್ಯರನ್ನೇ ಕೇಳಿ. ತಂಬಾಕು, ಗುಟ್ಕಾ ಬಿಡುವುದು ವಸಡಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ.

ವಸಡಿನಲ್ಲಿ ರಕ್ತ, ಕೀವು, ಹೋಗದ ಬಾಯಿ ವಾಸನೆ, ಹಲ್ಲುಗಳ ನಡುವೆ ಹೊಸದಾಗಿ ಕಾಣುವ ಸಂದು, ಅಲುಗಾಡುವ ಹಲ್ಲು ಇವುಗಳಲ್ಲಿ ಯಾವುದಿದ್ದರೂ ತೋರಿಸಿ. ಖರ್ಚಿನ ಚಿಂತೆಯಿದ್ದರೆ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ, ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಿ. ಅಲ್ಲಿ ದರ ಸಾಮಾನ್ಯವಾಗಿ ಕಡಿಮೆ.

ಹೋದಾಗ ನಾಲ್ಕು ವಿಷಯ ಮುಂಚೆಯೇ ಹೇಳಿ: ಮಧುಮೇಹ, ರಕ್ತದೊತ್ತಡ ಇದೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ತಂಬಾಕು ಬಳಸುತ್ತೀರಾ, ಅಂಗಾತ ಮಲಗಿದರೆ ಉಸಿರಿಗೆ ತೊಂದರೆಯಾಗುತ್ತದೆಯೇ. ಕುರ್ಚಿಯನ್ನು ಸ್ವಲ್ಪ ಎತ್ತರಿಸಿ, ನಡುವೆ ಬಿಡುವು ಕೊಟ್ಟು ಚಿಕಿತ್ಸೆ ಮಾಡಬಹುದು. ಚಿಕಿತ್ಸೆ ಮುಗಿದ ಮೇಲೆ ‘ಮತ್ತೆ ಯಾವಾಗ ಬರಬೇಕು’ ಎಂದು ಕೇಳಿಕೊಂಡು ಬನ್ನಿ. ಅಪಾಯ ಹೆಚ್ಚಿರುವವರಿಗೆ ಪ್ರತಿ ಮೂರು ತಿಂಗಳಿಗೊಮ್ಮೆ ತಪಾಸಣೆ ಬೇಕಾಗಬಹುದು.

ತೂಕ ಇಳಿಸುವುದು ಬೇಡ ಎಂದು ನಾವು ಹೇಳುತ್ತಿಲ್ಲ. ಹೃದಯಕ್ಕೆ, ಮಂಡಿಗೆ, ಸಕ್ಕರೆಗೆ ಅದರಿಂದ ಲಾಭವಿದೆ. ವಸಡಿಗೂ ಇರಬಹುದು. ಆದರೆ ಅದು ವಸಡಿನ ಚಿಕಿತ್ಸೆಗೆ ಹಾಕುವ ಷರತ್ತಾಗಬಾರದು. ಎರಡೂ ಜೊತೆಯಲ್ಲೇ ನಡೆಯಬಹುದು. ತೂಕದ ಕಾಟಾದಲ್ಲಿ ಮುಳ್ಳು ಅಲುಗಾಡುವ ಮೊದಲೇ, ಕೆಲವೇ ವಾರಗಳಲ್ಲಿ, ಬ್ರಷ್‌ನ ಮೇಲೆ ರಕ್ತ ಕಾಣುವುದು ನಿಲ್ಲಬಹುದು.